ಸ್ಟೀಲ್ ಹಿಡಿಯ ಹಿಂದಿನ ಗೋಡೆ

ನನ್ನ ಹೆಂಡತಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಎಡತೊಡೆಯ ಮೂಳೆ ಮುರಿದುಕೊಂಡಾಗ ನಾನು ಮನೆಯಲ್ಲಿರಲಿಲ್ಲ. ಬಂಗಾರಪೇಟೆಯ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ತರ್ಕಶಾಸ್ತ್ರದ ಪಾಠ ಮಾಡುತ್ತಿದ್ದೆ. ಅವಳು ಆ ಒದ್ದೆ ನೆಲದ ಮೇಲೆ ಸುಮಾರು ಒಂದು ಗಂಟೆ ಬಿದ್ದಿದ್ದಳಂತೆ. ಏಳಲು ಹಿಡಿದುಕೊಳ್ಳೋಣವೆಂದರೆ ಕೈಗೆ ಏನೂ ಸಿಕ್ಕಲಿಲ್ಲ ಎಂದು ಆಮೇಲೆ ಹೇಳಿದಳು. ಸಿಕ್ಕಿದ್ದು ನಲ್ಲಿಯೊಂದೇ. ಅದನ್ನು ಹಿಡಿದು ಎಳೆದಾಗ ನಲ್ಲಿಯೇ ಕಿತ್ತು ಬಂದು ಮುಖದ ಮೇಲೆ ನೀರು ಸುರಿಯತೊಡಗಿತ್ತು.

ಮೂಳೆಗೆ ರಾಡು ಹಾಕಿದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಸಲ ಬಿದ್ದರೆ ಇವರು ಮತ್ತೆ ನಡೆಯುತ್ತಾರೆಂದು ನಾನು ಹೇಳಲಾರೆ ಎಂದರು. ಮಾತು ಅಷ್ಟೇ. ಅವರು ದನಿ ಎತ್ತಲಿಲ್ಲ, ಕಾಗದದ ಮೇಲೂ ಬರೆಯಲಿಲ್ಲ. ಈಗ ಎಷ್ಟೋ ವಿಷಯಗಳಲ್ಲಿ ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ, ಆದರೆ ಆ ವಾಕ್ಯ ಅವರು ಹೇಳಿದ ಹಾಗೆಯೇ ಉಳಿದಿದೆ ಎಂದುಕೊಂಡಿದ್ದೇನೆ.

ನಮ್ಮ ಮನೆ ಇರುವುದು ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ. ಅಪ್ಪ ಹಾವೇರಿ ಕಡೆಯಿಂದ ಇಲ್ಲಿನ ಕಾರ್ಖಾನೆಯ ಕೆಲಸಕ್ಕೆ ಬಂದವರು, ನಿವೃತ್ತರಾದಾಗ ಕ್ವಾರ್ಟರ್ಸ್ ಬಿಟ್ಟು ಈ ಹಳೆಯ ಮನೆ ಕೊಂಡರು. ಗೋಡೆಗಳು ಕಲ್ಲಿನವು, ಕಲ್ಲಿನ ನಡುವೆ ಮಣ್ಣು. ಬಚ್ಚಲುಮನೆಯ ಗೋಡೆಯಂತೂ ಮಧ್ಯದಲ್ಲಿ ಹೊಟ್ಟೆ ಒಳಕ್ಕೆ ಎಳೆದುಕೊಂಡವರ ಹಾಗೆ ತಗ್ಗಾಗಿತ್ತು. ನೆಲ ಪಾಚಿ ಕಟ್ಟಿದ ಸಿಮೆಂಟು. ಎಲ್ಲವನ್ನೂ ಕಿತ್ತು ಹೊಸದಾಗಿ ಟೈಲ್ಸ್ ಹಾಕಿಸುವುದೆಂದು ಆಸ್ಪತ್ರೆಯಲ್ಲೇ ತೀರ್ಮಾನವಾಯಿತು. ಅಲ್ಲಿಯವರೆಗೆ ಅವಳು ಬಂಗಾರಪೇಟೆ ಹತ್ತಿರದ ತನ್ನ ಅಣ್ಣನ ಹಳ್ಳಿಯಲ್ಲಿ ಇರುವುದು. ಅಲ್ಲಿ ಹಸುಗಳಿವೆ, ಹಾಲಿದೆ, ಜೊತೆಗೆ ಅತ್ತಿಗೆ ಇದ್ದಾಳೆ.

ಹೊರಡುವ ದಿನ ಅವಳು ವಾಕರ್ ಹಿಡಿದು ಬಚ್ಚಲುಮನೆಯ ಬಾಗಿಲವರೆಗೂ ಬಂದಳು. ಮೇಸ್ತ್ರಿ ಒಳಗೆ ಟೇಪು ಹಿಡಿದು ಅಳೆಯುತ್ತಿದ್ದ. ನಮ್ಮ ಬೀದಿಯ ಅರ್ಧ ಮನೆಗಳ ಕೆಲಸ ಮಾಡಿದವನು, ನಲವತ್ತರ ಆಸುಪಾಸಿನವನು, ಮಾತಿನಲ್ಲಿ ಕನ್ನಡ ತೆಲುಗು ತಮಿಳು ಮೂರನ್ನೂ ಒಂದೇ ಬಾಂಡ್ಲಿಯಲ್ಲಿ ಕಲಸುವವನು. ಅವಳು ನನ್ನ ಜೇಬಿನಿಂದ ಚಾಕ್‌ಪೀಸು ತೆಗೆದುಕೊಂಡು ಗೋಡೆಯ ಮೇಲೆ ತನ್ನ ಸೊಂಟಕ್ಕಿಂತ ಸ್ವಲ್ಪ ಮೇಲೆ ಒಂದು ಗೀಟು ಎಳೆದಳು.

“ಇಲ್ಲಿಗೆ ಒಂದು ಹಿಡಿ ಬೇಕು ಮೇಸ್ತ್ರಿ. ಸ್ಟೀಲಿಂದು. ಸ್ಟೂಲ್ ಮ್ಯಾಲಿಂದ ನಾನು ಅದನ್ನ ಇಡ್ಕೊಂಡೇ ಏಳೋದು. ಮಿಕ್ಕಿದ್ದು ನೀವೇನಾದ್ರೂ ಮಾಡ್ಕೊಳಿ.”

“ಗೀಟಿನ ಮ್ಯಾಲೇ ಆಕ್ತೀನಕ್ಕಾ. ಒಂದು ನೂಲು ಆಚೆ ಈಚೆ ಆಗಾಕಿಲ್ಲ.”

ಆಮೇಲಿನ ಮೂರು ವಾರ ನನ್ನ ದಿನಚರಿ ಒಂದೇ. ಬೆಳಿಗ್ಗೆ ರೈಲು ಹಿಡಿದು ಬಂಗಾರಪೇಟೆ, ಕಾಲೇಜು ಮುಗಿದ ಮೇಲೆ ಬಸ್ಸಿನಲ್ಲಿ ಅವಳ ಹಳ್ಳಿ, ಅಲ್ಲಿಂದ ಸಂಜೆಯ ರೈಲಿಗೆ ವಾಪಸ್ಸು. ಕೆಲಸ ನಡೆಯುವುದನ್ನು ನಾನು ನೋಡಿದ್ದು ಬೆಳಿಗ್ಗೆ ಹತ್ತು ನಿಮಿಷ ಮಾತ್ರ. ಸಂಜೆ ಬಂದಾಗ ಟೈಲ್ಸ್ ಒಂದೊಂದು ಸಾಲು ಮೇಲಕ್ಕೆ ಏರಿರುತ್ತಿತ್ತು. ಮುಗಿದ ದಿನ ಬಚ್ಚಲುಮನೆ ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ನೆಲಕ್ಕೆ ಒರಟು ಟೈಲ್ಸ್, ಗೋಡೆಗೆ ತಿಳಿ ಹಸಿರು, ಗೋಡೆಯ ತಗ್ಗು ಮಾಯವಾಗಿ ಹಲಗೆಯಂತೆ ನೇರ. ಗೀಟು ಇದ್ದ ಜಾಗದಲ್ಲಿಯೇ ಸ್ಟೀಲ್ ಹಿಡಿ. ಫೋಟೋ ತೆಗೆದು ಅವಳಿಗೆ ಕಳಿಸಿದೆ. “ಚೆನ್ನಾಗೈತೆ. ಭಾನುವಾರದ ಮೇಲೆ ಬತ್ತೀನಿ. ಸಾಕಾಯ್ತು ಇಲ್ಲಿ,” ಎಂದು ಧ್ವನಿಸಂದೇಶ ಬಂತು.

ಎರಡು ದಿನ ಬಿಟ್ಟು, ಬುಧವಾರ ಬೆಳಿಗ್ಗೆ ಹಲ್ಲುಜ್ಜುವಾಗ ಹಿಡಿಯ ಕೆಳಗಿನ ಟೈಲ್ಸ್ ಸಂದಿಯಲ್ಲಿ ಬೂಷ್ಟಿನಂಥ ಬಿಳಿ ಕಂಡಿತು. ಬೆರಳಿನಿಂದ ಒರೆಸಿದರೆ ಪುಡಿಯಾಗಿ ಉದುರಿತು. ಮಾರನೆಯ ದಿನ ಮತ್ತೆ ಬಂದಿತ್ತು, ಈ ಸಲ ಎರಡು ಟೈಲ್ಸ್ ಅಗಲ. ಕೈಯಲ್ಲಿದ್ದ ಬ್ರಷ್ಷಿನ ಹಿಂಬದಿಯಿಂದ ಟೈಲ್ಸ್ ಬಡಿದು ನೋಡಿದೆ. ಬಾಗಿಲ ಪಕ್ಕದ್ದು ಗಟ್ಟಿಯಾಗಿ ‘ಟಿಕ್’ ಎಂದಿತು. ಹಿಡಿಯ ಸುತ್ತಲಿನದು ಬೇರೆ ಥರ ಕೇಳಿಸಿತು. ಇದು ನನ್ನ ಭ್ರಮೆಯೋ ಎಂದು ಕಣ್ಣು ಮುಚ್ಚಿ ಮತ್ತೆ ಬಡಿದೆ. ಹೆದರಿದವನ ಕಿವಿ ತನಗೆ ಬೇಕಾದ್ದನ್ನೇ ಕೇಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಕಾಲೇಜಿಗೆ ತಡವಾದರೆ ಆಗಲಿ ಎಂದು ಪಕ್ಕದ ಮನೆಯ ತಾತನನ್ನು ಕರೆದುಕೊಂಡು ಬಂದೆ.

ತಾತ ನಂದಿದುರ್ಗ ಗಣಿಯಲ್ಲಿ ಇಪ್ಪತ್ತೆಂಟು ವರ್ಷ ನೆಲದೊಳಗೆ ಕೆಲಸ ಮಾಡಿದವರು. ಡ್ರಿಲ್ ಮೆಷಿನ್ನಿನ ಸದ್ದಿಗೆ ಅವರ ಎರಡೂ ಕಿವಿ ಮುಕ್ಕಾಲು ಹೋಗಿವೆ. ಗಣಿಯಲ್ಲಿ ಕೆಲಸ ಶುರು ಮಾಡುವ ಮೊದಲು ಸುರಂಗದ ಚಾವಣಿಯನ್ನು ಕಬ್ಬಿಣದ ಸಲಾಕೆಯಿಂದ ಬಡಿದು ನೋಡುತ್ತಿದ್ದರು ಎಂದು ಅವರು ನಮ್ಮ ಜಗಲಿಯಲ್ಲಿ ಕೂತು ಎಷ್ಟೋ ಸಲ ಹೇಳಿದ್ದಾರೆ. ಗಟ್ಟಿ ಕಲ್ಲು ಒಂದು ಬಗೆ, ಸಡಿಲಾದ ಕಲ್ಲು ಇನ್ನೊಂದು ಬಗೆ. ಸಡಿಲಾದ ಕಲ್ಲಿನ ಕೆಳಗೆ ಯಾರೂ ನಿಲ್ಲಬಾರದು. ಕಿವಿ ಕೇಳದ ಮನುಷ್ಯ ಸದ್ದು ಹೇಗೆ ಗುರುತಿಸುತ್ತಾನೆ ಎನ್ನುವ ಪ್ರಶ್ನೆ ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ತಾತ ಎಡ ಅಂಗೈಯನ್ನು ಟೈಲ್ಸ್ ಮೇಲೆ ಅಗಲವಾಗಿ ಒತ್ತಿಟ್ಟರು. ಬಲಗೈಯಲ್ಲಿ ನಮ್ಮ ಅಡುಗೆಮನೆಯ ಇಕ್ಕಳ ಹಿಡಿದು ಅಂಗೈಯಿಂದ ಗೇಣು ದೂರದಲ್ಲಿ ಮೆಲ್ಲಗೆ ಬಡಿದರು. ಕಣ್ಣು ಅರ್ಧ ಮುಚ್ಚಿತ್ತು. ಮೇಲಿನ ಸಾಲು, ಕೆಳಗಿನ ಸಾಲು. ಹಿಡಿಯ ಸುತ್ತ ಬಂದಾಗ ನಿಧಾನವಾದರು.

“ಕೇಳಿಸ್ತಾ ತಾತ?” ಎಂದು ಕೂಗಿದೆ.

“ಕಿವಿ ಎಲ್ಲಿದೆ ತಂಬಿ ನನಗೆ? ಕೈ ಕೇಳ್ತದೆ. ಅಲ್ಲಿ ಕೆಳಗೇನೂ ಹಿಂಗೇನೇ. ಮೆಷಿನ್ ಓಡ್ತಾ ಇದ್ರೆ ಯಾರಿಗೆ ಕೇಳ್ತದೆ ಸದ್ದು? ಕೈ ಇಟ್ಟು ನೋಡೋದು. ಬಾ, ನೀನೂ ಇಡು.”

ನಾನೂ ಅಂಗೈ ಇಟ್ಟೆ. ಬಾಗಿಲ ಹತ್ತಿರ ಅವರು ಬಡಿದಾಗ ನನ್ನ ಕೈಗೆ ಏನೂ ತಿಳಿಯಲಿಲ್ಲ. ಹಿಡಿಯ ಹತ್ತಿರ ಬಡಿದಾಗ ಅಂಗೈಯಲ್ಲಿ ಸಣ್ಣಗೆ ನಡುಕ ಹರಿಯಿತು, ಒಳಗೆ ಜೀವವಿರುವ ಯಾವುದೋ ಹೊರಳಿದ ಹಾಗೆ. ಕೈ ಹಿಂದಕ್ಕೆ ತೆಗೆದುಕೊಂಡೆ.

“ಪೊಳ್ಳು,” ಎಂದರು ತಾತ. “ಇದರ ಕೆಳಗೆ ನಾನಾಗಿದ್ರೆ ನಿಲ್ತಾ ಇರ್ಲಿಲ್ಲ.”

ಸ್ಕ್ರೂಡ್ರೈವರ್ ತರಿಸಿ ಹಿಡಿಯ ಒಂದು ಸ್ಕ್ರೂ ಬಿಚ್ಚಿದರು. ಅದಕ್ಕೆ ಶಕ್ತಿ ಬೇಕಾಗಲೇ ಇಲ್ಲ, ಎರಡು ಸುತ್ತು ತಿರುಗಿಸುವಷ್ಟರಲ್ಲಿ ಬೆರಳಿಗೇ ಬಂತು. ಅದರ ಜೊತೆಗೆ ಬೂದು ಬಣ್ಣದ ನಯವಾದ ಪುಡಿ ಜರಡಿ ಹಿಡಿದ ಹಿಟ್ಟಿನಂತೆ ಸುರಿಯಿತು. ತಾತ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದರು. ನಾನೂ ಉಜ್ಜಿದೆ. ಅದು ಏನೆಂದು ನನಗೆ ಅವರಿಗಿಂತ ಮೊದಲೇ ತಿಳಿಯಿತು. ಕೆಜಿಎಫ್‌ನಲ್ಲಿ ಬೆಳೆದ ಯಾರಿಗಾದರೂ ತಿಳಿಯುತ್ತದೆ. ಚಿನ್ನ ತೆಗೆದ ಮೇಲೆ ಕಲ್ಲಿನ ಪುಡಿಯನ್ನು ಊರ ಸುತ್ತ ಬೆಟ್ಟಗಳಂತೆ ಸುರಿದಿದ್ದಾರಲ್ಲ, ಎಲ್ಲರೂ ಸೈನೈಡ್ ಗುಡ್ಡ ಎನ್ನುವುದು, ಆ ಮಣ್ಣು. ಬೇಸಿಗೆಯ ಗಾಳಿಗೆ ಅದು ಎದ್ದು ಬಂದು ಊಟದ ತಟ್ಟೆಯ ಮೇಲೂ ಹಾಸಿಗೆಯ ಮೇಲೂ ಕೂರುತ್ತಿತ್ತು. ಶಾಲೆಯಿಂದ ಬಂದರೆ ಹಲ್ಲಿನ ನಡುವೆ ಕರಕರ ಎನ್ನುತ್ತಿತ್ತು.

“ಗುಡ್ಡದ್ದು,” ಎಂದರು ತಾತ. “ಮರಳಿನ ಬದಲು ಇದನ್ನು ಸಿಮೆಂಟಿಗೆ ಕಲಸಿದ್ದಾನೆ. ಬೇಗ ನುಣ್ಣಗೆ ಬರ್ತದೆ. ಹಿಡಿತ ಇಲ್ಲ.” ನನ್ನ ಮುಖ ನೋಡಿ, “ವಿಷ ಗಿಷ ಅಂತ ಹೆದರಬೇಡ ತಂಬಿ. ಅದನ್ನ ನಾವು ಎಷ್ಟು ತಿಂದಿದ್ದೀವಿ. ಹೆದರೋದಾದ್ರೆ ಬೀಳೋದಕ್ಕೆ ಹೆದರು,” ಎಂದರು.

ಮೇಸ್ತ್ರಿ ಅದೇ ಪೇಟೆಯ ಇನ್ನೊಂದು ಬೀದಿಯಲ್ಲಿ ಮನೆಯೊಂದರ ಮೆಟ್ಟಿಲು ಕಟ್ಟುತ್ತಿದ್ದ. ನಾನು ಹೋಗಿ ಟೈಲ್ಸ್ ಪೊಳ್ಳು ಎಂದೆ. ಕರಣೆ ಕೆಳಗಿಡದೆಯೇ ನಕ್ಕ.

“ಏನ್ ಸಾರ್, ಟೈಲ್ಸ್‌ಗೆ ಸ್ಟೆತಸ್ಕೋಪ್ ಇಟ್ಟು ನೋಡಿದ್ರಾ?”

“ಗುಡ್ಡದ ಮಣ್ಣು ಹಾಕಿದ್ದೀಯಲ್ಲ ಮೇಸ್ತ್ರಿ.”

“ಆಕಿದ್ದೀನಿ. ಅದಕ್ಕೇನೀಗ?”

“ಯಾರನ್ನು ಕೇಳಿ ಹಾಕಿದೆ?”

ಅವನು ನಗು ನಿಲ್ಲಿಸಿ ನನ್ನನ್ನೇ ನೋಡಿದ. “ನಿಮ್ಮನ್ನೇ ಕೇಳ್ದೆ ಸಾರ್. ಮರಳಿನ ಲಾರಿ ಬರ್ಲಿಲ್ಲ, ಗುಡ್ಡದ್ದು ಐತೆ, ಗೋಡೆ ವಂಕರ, ಆ ತಗ್ಗು ತುಂಬಕ್ಕೆ ನೈಸಾಗಿ ಕುಂತ್ಕಂತದೆ, ಆಕ್ಲಾ ಅಂತ ಫೋನ್ ಮಾಡ್ದೆ. ಸರಿ ಆಕು ಅಂದ್ರಿ. ರೈಲಲ್ಲಿದ್ರಿ.”

“ನಾನು ಹಾಗಂದೆನಾ?”

“ಮತ್ತೆ? ನಿಮ್ ಮಾತು ನನ್ ಬಾಯಲ್ಲಿ ನಾನೇ ಆಡ್ಕಂಡಿದ್ದಾ? ನೀವು ಪಾಠ ಏಳೋರು ಸಾರ್. ನೆನಪಿರ್ಬೇಕಲ್ಲ ನಿಮ್ಗೆ.”

ಅವನ ಜೊತೆ ಕೆಲಸ ಮಾಡುತ್ತಿದ್ದವರು ಕೈ ನಿಲ್ಲಿಸಿ ನನ್ನ ಉತ್ತರಕ್ಕೆ ಕಾದರು. ನಾನು ಜೇಬಿನಲ್ಲಿದ್ದ ಫೋನನ್ನು ಮುಟ್ಟಿ ನೋಡಿಕೊಂಡೆ. ಅವನು ಸ್ವಲ್ಪ ಮೆತ್ತಗಾದ. “ಸಾರ್, ನಮ್ಮನೆ ಗೋಡೇನೂ ಅದ್ರಲ್ಲೇ ಮಾಡಿರೋದು. ನಮ್ಮಪ್ಪ ಮಾಡ್ದ. ಇಪ್ಪತ್ತೈದು ವರ್ಷ ಆಯ್ತು, ಅಂಗೇ ನಿಂತೈತೆ. ಈ ಕಡೆ ಗಣಿಯೋರ ಲೈನು ಮನೆಗಳೆಲ್ಲಾ ಓಗಿ ನೋಡಿ. ಆಯ್ತು, ನಿಮಗೆ ಡೌಟಿದ್ರೆ ಸೋಮವಾರ ಬಂದು ನೋಡ್ತೀನಿ.”

ನಿಮ್ಮ ಮನೆಯ ಗೋಡೆ ಹಿಡಿದು ಯಾರೂ ಮೇಲೇಳಬೇಕಾಗಿಲ್ಲ ಎನ್ನುವ ಉತ್ತರ ನನಗೆ ಹೊಳೆದದ್ದು ರೈಲು ಹತ್ತಿದ ಮೇಲೆ.

ರೈಲಿನಲ್ಲಿ ಮೊದಲು ಮಾಡಿದ ಕೆಲಸವೆಂದರೆ ಫೋನು ತೆಗೆದು ನೋಡಿದ್ದು. ಕರೆ ಬಂದಿತ್ತು. ಎರಡು ವಾರದ ಹಿಂದಿನ ಒಂದು ಬೆಳಿಗ್ಗೆ, ನನ್ನ ಎಂದಿನ ರೈಲಿನ ಹೊತ್ತಿಗೆ, ನಲವತ್ತೊಂದು ಸೆಕೆಂಡು. ಅಂದರೆ ಅವನು ಸುಳ್ಳನೆಂದು ಒಂದೇ ಏಟಿಗೆ ತಳ್ಳಿಹಾಕುವ ದಾರಿ ಮುಚ್ಚಿತು. ಆ ನಲವತ್ತೊಂದು ಸೆಕೆಂಡಿನಲ್ಲಿ ಏನು ಮಾತಾಡಿದೆವು?

ನೆನಪಿಸಿಕೊಳ್ಳಲು ಕೂತೆ. ಸಂದಿಗೆ ಯಾವ ಬಣ್ಣ ತುಂಬಲಿ ಎಂದು ಅವನು ಕೇಳಿದ, ಹಸಿರೇ ಎಂದೆ. ಇದು ಚೆನ್ನಾಗಿ ನೆನಪಿದೆ. ಅವತ್ತು ಎದುರು ಸೀಟಿನಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಮರಳು ಬಂದಿಲ್ಲ ಸಾರ್ ಎಂದು ಅವನು ಅಂದದ್ದನ್ನು ಕಲ್ಪಿಸಿಕೊಂಡೆ. ಕೂಡಲೇ ಅದೂ ನೆನಪಾಗತೊಡಗಿತು. ಅದರಲ್ಲೂ ಸೊಪ್ಪಿನ ಬುಟ್ಟಿಯ ಹೆಂಗಸಿದ್ದಳು. ನಾನು ನಡುವೆ ಬಾಯಿ ಹಾಕಿ, ‘ಸರಿ ಹಾಕು ಮೇಸ್ತ್ರಿ, ಬೇಗ ಮುಗಿಸು’ ಎನ್ನುತ್ತಿದ್ದೆ. ನನ್ನ ದನಿ ನನಗೇ ಕೇಳುತ್ತಿತ್ತು, ಅದರೊಳಗಿನ ಅಸಹನೆಯೂ ಕೇಳುತ್ತಿತ್ತು. ಮೈಸೂರಿನಲ್ಲಿ ಎಂ.ಎ. ಓದುವಾಗ, ನೆನಪೆನ್ನುವುದು ಪೆಟ್ಟಿಗೆಯಿಂದ ತೆಗೆಯುವ ವಸ್ತುವಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟುವ ಗೋಡೆ ಎಂದು ನಾನು ಹಾಸ್ಟೆಲಿನಲ್ಲಿ ವಾದ ಮಾಡಿ ಗೆಳೆಯರನ್ನು ಗೋಳು ಹೊಯ್ದುಕೊಂಡಿದ್ದೆ. ಆಗ ಅದರಲ್ಲಿ ಒಂದು ಮಜವಿತ್ತು. ಈಗ ಬೆವರು ಬರುತ್ತಿತ್ತು.

ಇನ್ನೊಂದು ವಿಷಯವನ್ನೂ ಹೇಳಬೇಕು. ಆ ವರ್ಷ ನನ್ನ ತಲೆ ಮೊದಲಿನ ಹಾಗಿರಲಿಲ್ಲ. ಒಂದು ದಿನ ಹಾಲು ಒಲೆಯ ಮೇಲಿಟ್ಟು ರೈಲಿಗೆ ಹೋಗಿಬಿಟ್ಟಿದ್ದೆ, ಸುಟ್ಟ ವಾಸನೆಗೆ ತಾತ ಬಂದು ಆರಿಸಿದ್ದರು. ಇನ್ನೊಂದು ದಿನ ತರಗತಿಯಲ್ಲಿ ಹಿಂದಿನ ದಿನ ಹೇಳಿದ ಉದಾಹರಣೆಯನ್ನೇ ಅದೇ ಮಾತುಗಳಲ್ಲಿ ಹೇಳಿದೆ. ಮಕ್ಕಳು ನಕ್ಕಾಗ ನಾನೂ ನಕ್ಕೆ. ಹೆಂಡತಿ ಆಸ್ಪತ್ರೆಯಲ್ಲಿದ್ದಳು, ನಿದ್ದೆ ಇರಲಿಲ್ಲ, ಎಲ್ಲರಿಗೂ ಆಗುವುದೇ ಎಂದುಕೊಂಡೆ. ಇರಬಹುದು. ಆದರೆ ಮರೆಯುವ ಮನುಷ್ಯನಿಗೆ ತಾನು ಎಷ್ಟು ಮರೆತಿದ್ದೇನೆ ಎಂದು ಲೆಕ್ಕ ಸಿಗುವುದು ಹೇಗೆ?

ಹೀಗಾಗಿ ಅವಳಿಗೆ ಏನೂ ಹೇಳಲಿಲ್ಲ. ಅಂದು ಸಂಜೆ ಹಳ್ಳಿಗೆ ಹೋಗಿ ಅವಳ ಪಕ್ಕ ಕೂತು, ಬಚ್ಚಲುಮನೆ ತಯಾರಾಗಿದೆ, ಸ್ವಲ್ಪ ಒಣಗಬೇಕು, ಮುಂದಿನ ವಾರದ ಕೊನೆಗೆ ಬಂದರೆ ಒಳ್ಳೆಯದು ಎಂದೆ. ಹೇಳಿದರೆ ಯಾಕೆ ಹೀಗಾಯಿತು ಎಂದು ಕೇಳುತ್ತಾಳೆ. ಕೇಳಿದರೆ ನಾನೇ ಒಪ್ಪಿಗೆ ಕೊಟ್ಟಿರಬಹುದು ಎನ್ನಬೇಕಾಗುತ್ತದೆ. ಸೋಮವಾರ ಮೇಸ್ತ್ರಿ ಬಂದು ಸರಿಮಾಡಿದರೆ ಅವಳಿಗೆ ತಿಳಿಯುವ ಅಗತ್ಯವೇ ಬೀಳುವುದಿಲ್ಲ. ಬಿಚ್ಚಿದ ಸ್ಕ್ರೂವನ್ನು ನಾನು ಅದರ ತೂತಿಗೇ ಮತ್ತೆ ತುರುಕಿಟ್ಟಿದ್ದೆ, ನೋಡುವವರಿಗೆ ಹಿಡಿ ಸರಿಯಾಗಿಯೇ ಕಾಣುತ್ತಿತ್ತು.

ಅವಳು ಭಾನುವಾರ ಬೆಳಿಗ್ಗೆಯೇ ಬಂದಳು. ಅಣ್ಣನ ಹಾಲಿನ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು, ವಾಕರ್ ಕ್ಯಾನುಗಳ ನಡುವೆ ಕಟ್ಟಿಸಿಕೊಂಡು ಬಂದಿಳಿದಳು. ಅಣ್ಣ ಕಾಫಿಗೂ ನಿಲ್ಲದೆ ಹೊರಟುಹೋದ.

“ಫೋನ್ ಮಾಡಬಾರದಾಗಿತ್ತಾ?”

“ಮಾಡಿದ್ರೆ ಬೇಡ ಅಂತಿದ್ರಿ. ಬಿಸಿನೀರು ಐತಾ? ತಿಂಗಳಾಗ್ತಾ ಬಂತು ಅತ್ತಿಗೆ ಕೈಲಿ ಮೈ ತೊಳಿಸ್ಕಂಡು. ಅವಳು ಪಾಪ ಏನೂ ಅನ್ನಲ್ಲ. ನನಗೇ ಸಾಕಾಗೋಗೈತೆ. ಇವತ್ತು ನಾನೊಬ್ಳೇ ಮಾಡ್ತೀನಿ.”

“ಇವತ್ತು ಬೇಡ. ಬಕೆಟ್ಟು ಇಲ್ಲೇ ತರ್ತೀನಿ, ನಾನು ಸಹಾಯ ಮಾಡ್ತೀನಿ.”

“ಯಾಕೆ? ನಿಮ್ಮ ಹೊಸ ಬಚ್ಚಲು ಬರೀ ಫೋಟೋಕ್ಕಾ?”

ಆಗಲೇ ಹೇಳಬೇಕಿತ್ತು. ನಾನು ಬಾಯಿ ತೆರೆದಿದ್ದೆ ಎಂದೇ ನನ್ನ ನೆನಪು, ಆದರೆ ಆಡಿದ್ದು “ಹುಷಾರು” ಎನ್ನುವ ಒಂದೇ ಮಾತು. ಅವಳು ವಾಕರ್ ಹೊರಗೇ ಬಿಟ್ಟು ಗೋಡೆ ಸವರಿಕೊಂಡು ಒಳಗೆ ಹೋದಳು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಳು, ಕೂತಲ್ಲಿಂದಲೇ ಬಾಗಿಲು ತಳ್ಳಿ ಚಿಲಕ ಹಾಕಿಕೊಂಡಳು.

ನಾನು ಬಾಗಿಲಿಗೆ ಕಿವಿ ಕೊಟ್ಟು ನಿಂತೆ. ಚೊಂಬಿನಿಂದ ನೀರು ಬೀಳುವ ಸದ್ದು. ಮತ್ತೆ ಒಂದು ಚೊಂಬು. ಸೋಪಿನ ವಾಸನೆ ಬಂತು. ಒಳಗೆ ಅವಳು ಏನೋ ಗುನುಗುತ್ತಿದ್ದಳು. ಕುಳಿತು ಸ್ನಾನ ಮಾಡುವವರೆಗೆ ಭಯವಿಲ್ಲ, ಏಳುವಾಗ ತಾನೇ ಹಿಡಿ ಬೇಕಾಗುವುದು, ಅದಕ್ಕಿನ್ನೂ ಹೊತ್ತಿದೆ ಎಂದು ಲೆಕ್ಕ ಹಾಕುತ್ತಾ ನಿಂತೆ. ಅವಳು ಹಿಡಿಯನ್ನು ಹಿಡಿಯದೆಯೂ ಏಳಬಹುದು. ಉಳಿದ ಮೂರು ಸ್ಕ್ರೂಗಳು ತಡೆದುಕೊಂಡರೂ ತಡೆದುಕೊಳ್ಳಬಹುದು. ಆಮೇಲೆ ನೀರಿನ ಸದ್ದು ನಿಂತಿತು. ಗುನುಗುವುದೂ ನಿಂತಿತು. ಏಳುವ ಮೊದಲು ಉಸಿರು ಬಿಗಿಹಿಡಿಯುತ್ತಾರಲ್ಲ, ಆ ಮೌನ.

“ಹಿಡಿ ಮುಟ್ಟಬೇಡ,” ಎಂದೆ.

“ಏನು?”

“ಆ ಸ್ಟೀಲ್ ಹಿಡಿ. ಅದನ್ನ ಮುಟ್ಟಬೇಡ. ಗೋಡೆ ಸರಿಯಿಲ್ಲ, ಕಿತ್ತು ಬರುತ್ತೆ. ಕೂತಿರು, ಏಳಬೇಡ.”

ಒಳಗೆ ಸ್ಟೂಲು ನೆಲಕ್ಕೆ ಕಿರ್ರೆಂದಿತು. ಕೈ ಹಿಡಿಯ ಮೇಲೆ ಆಗಲೇ ಇತ್ತೆಂದೂ, ನನ್ನ ಮಾತಿಗೆ ಬೆಚ್ಚಿ ಸ್ಟೂಲು ಸರಿಯಿತೆಂದೂ ಆಮೇಲೆ ಹೇಳಿದಳು.

“ಎಷ್ಟು ದಿನದಿಂದ ಸರಿಯಿಲ್ಲ?”

“ಗುರುವಾರ ಗೊತ್ತಾಯ್ತು.”

“ಗುರುವಾರ ಗೊತ್ತಾಗಿದ್ದು ಭಾನುವಾರ ಬಾಯಿ ಬಿಡ್ತಾ ಇದ್ದೀರಾ? ಮೈಯೆಲ್ಲಾ ಸೋಪಾದ್ಮೇಲೆ?”

“ಚಿಲಕ ತೆಗಿ. ನಾನು ಎಬ್ಬಿಸ್ತೀನಿ.”

“ಕೂತ್ಕಂಡು ತೆಗಿಯಕ್ಕೆ ಈಗ ಕೈ ಎಟುಕಲ್ಲ. ಸ್ಟೂಲ್ ಇಂದಕ್ಕೆ ಓಗೈತೆ.”

ಬಾಗಿಲು ಒಡೆಯಲೇ ಎಂದೆ. ಒಡೆದರೆ ನನ್ನ ಕಾಲಿನ ಮೇಲೇ ಬೀಳ್ತದೆ, ಸುಮ್ಮನಿರಿ ಎಂದಳು. ಆಮೇಲೆ ಸ್ಟೂಲು ನೆಲಕ್ಕೆ ಉಜ್ಜುವ ಸದ್ದು ಶುರುವಾಯಿತು. ಒಳ್ಳೆಯ ಕಾಲನ್ನು ಊರಿ, ಕೂತಲ್ಲಿಂದಲೇ ಸ್ಟೂಲನ್ನು ಬೆರಳಷ್ಟು ಬೆರಳಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಒಂದು ಉಜ್ಜು, ಒಂದು ನಿಲುಗಡೆ. ನಡುವೆ ಅವಳ ಉಸಿರು. ಪ್ರತಿ ನಿಲುಗಡೆಯಲ್ಲೂ ನಾನು ದೊಪ್ಪೆನ್ನುವ ಸದ್ದಿಗಾಗಿ ಕಾಯುತ್ತಿದ್ದೆ. ಹತ್ತು ನಿಮಿಷವೋ ಎರಡೇ ನಿಮಿಷವೋ, ಈಗ ಕೇಳಿದರೆ ಹೇಳಲಾರೆ. ಕೊನೆಗೆ ಚಿಲಕ ಸರಿಯಿತು. ಒಳಗೆ ಹೋಗಿ ಟವೆಲು ಹೊದಿಸಿ ಅವಳ ಎರಡು ಕೈಗಳನ್ನು ನನ್ನ ಕುತ್ತಿಗೆಗೆ ಹಾಕಿಕೊಂಡು ಎಬ್ಬಿಸಿದೆ. ಸೋಪಿನ ಮೈ ನನ್ನ ಕೈಯಿಂದ ಜಾರುತ್ತಿತ್ತು.

ಮಂಚದ ಮೇಲೆ ಕೂರಿಸಿದ ಮೇಲೆ ಅವಳು ತಲೆ ಒರೆಸಿಕೊಳ್ಳುತ್ತಾ, “ಏನಾಯ್ತು ಅಂತ ಈಗ ಏಳಿ,” ಎಂದಳು. ನಾನು ಗುಡ್ಡದ ಮಣ್ಣು, ಫೋನು, ರೈಲು ಎಲ್ಲವನ್ನೂ ಹೇಳಿದೆ. ನಾನೇ ಒಪ್ಪಿಗೆ ಕೊಟ್ಟೆನೆಂದು ಮೇಸ್ತ್ರಿ ಹೇಳುತ್ತಾನೆ ಎಂದೆ.

“ಕೊಟ್ರಾ?”

“ಗೊತ್ತಿಲ್ಲ. ನಿಜವಾಗಿ ಗೊತ್ತಿಲ್ಲ. ಯೋಚನೆ ಮಾಡಿದಷ್ಟೂ ಕೊಟ್ಟ ಹಾಗೆ ಕಾಣುತ್ತೆ.”

“ಅದು ನೆನಪಿಲ್ಲ ಅಂದ್ರೆ ಇರ್ಲಿ ಬಿಡಿ. ಅವನು ಕೇಳಿದ್ರೆ ನೀವು ಸರಿ ಅಂದಿರ್ತೀರಾ. ಯಾರು ಏನು ಕೇಳಿದ್ರೂ ನೀವು ಸರಿ ಅನ್ನೋರೇ.” ಟವೆಲು ಮಡಿಚಿ ಪಕ್ಕಕ್ಕಿಟ್ಟಳು. “ಮೂರು ದಿನ ಗೊತ್ತಿದ್ದೂ ಸುಮ್ಕಿದ್ರಲ್ಲ, ಅದು ನೆನಪೈತಾ?”

ಅದು ಸ್ಪಷ್ಟವಾಗಿ ನೆನಪಿತ್ತು. ಅದರ ಬಗ್ಗೆ ನನಗೆ ಯಾವ ಸಂಶಯವೂ ಇರಲಿಲ್ಲ. ಮೂರು ದಿನ ನಾನು ನನ್ನ ತಲೆಯೊಳಗಿನ ಒಂದು ಫೋನ್ ಕರೆಯನ್ನು ಕೆದಕುತ್ತಾ ಕೂತಿದ್ದೆ. ಕೈಗೆ ಬಂದ ಸ್ಕ್ರೂವನ್ನು ತೂತಿಗೆ ವಾಪಸ್ಸು ತುರುಕಿದ್ದು ಇದೇ ಕೈ. ನೆನಪಿದೆ ಎಂದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಸೋಮವಾರ ಮೇಸ್ತ್ರಿ ಹೇಳಿದ ಹೊತ್ತಿಗೇ ಬಂದ. ಅವಳು ಬಚ್ಚಲುಮನೆಯ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ತಾತನನ್ನೂ ಅವಳೇ ಕರೆಸಿದ್ದಳು.

“ನಮಸ್ಕಾರ ಅಕ್ಕಾ. ಎಂಗಿದ್ದೀರಾ? ಸಾರು ಸುಮ್ನೆ ಗಾಬ್ರಿ ಬಿದ್ದವ್ರೆ. ನೋಡಿ, ನೀವು ಗೀಟು ಆಕಿದ್ ಕಡೇನೇ ಆಕಿದ್ದೀನಿ.”

“ಅದರಲ್ಲಿ ತಪ್ಪಿಲ್ಲ ಮೇಸ್ತ್ರಿ. ಅದನ್ನ ಇಡ್ಕೊಂಡು ಒಂದ್ಸಲ ಕೂತು ಏಳು.”

“ನಾನಾ?”

“ನೀನೇ. ನನಗಿಂತ ಸಣ್ಣಗಿದ್ದೀಯ.”

ಅವನು ನಗುತ್ತಾ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತ, ಹಿಡಿಯನ್ನು ಹಿಡಿದು ಭಾರ ಬಿಟ್ಟ. ಸದ್ದೇನೂ ದೊಡ್ಡದಾಗಲಿಲ್ಲ. ಹಿಡಿ ಎರಡು ಟೈಲ್ಸ್ ಸಮೇತ ಗೋಡೆಯಿಂದ ಕಳಚಿ ಅವನ ಕೈಗೇ ಬಂತು, ಅವನು ಹಿಂದಕ್ಕೆ ವಾಲಿ ಎದುರು ಗೋಡೆಗೆ ತಲೆ ತಾಗಿಸಿಕೊಂಡ. ತೊಡೆಯ ಮೇಲೆ ಬೂದು ಪುಡಿ ಸುರಿಯುತ್ತಲೇ ಇತ್ತು. ಗೋಡೆಯಲ್ಲಿ ಮೂರು ಬೆರಳು ದಪ್ಪದ ಪದರ ಬಿಟ್ಟುಕೊಂಡು ಅದರ ಹಿಂದಿನ ಹಳೆಯ ಕಲ್ಲು ಕಾಣುತ್ತಿತ್ತು. ತಗ್ಗು ತುಂಬಲು ಅಷ್ಟು ದಪ್ಪ ಹಚ್ಚಿದ್ದ. ಸ್ಕ್ರೂಗಳು ಕಲ್ಲಿನವರೆಗೆ ತಲುಪಿರಲೇ ಇಲ್ಲ.

ನಾನು ನೋಡಿದ್ದು ಹೆಂಡತಿಯ ಮುಖವನ್ನು. ಅವಳು ಆ ಸ್ಟೂಲನ್ನು ನೋಡುತ್ತಿದ್ದಳು, ಮೇಸ್ತ್ರಿಯ ತಲೆ ತಾಗಿದ ಜಾಗವನ್ನು ನೋಡುತ್ತಿದ್ದಳು. ಎರಡು ಕೈಗಳಿಂದಲೂ ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಮೇಸ್ತ್ರಿ ಎದ್ದು ತಲೆ ಸವರಿಕೊಂಡ. ಈಗ ಅವನ ಮುಖದಲ್ಲಿ ನಗುವಿರಲಿಲ್ಲ. “ಗೋಡೆ ತಂತಾನೇ ನಿಲ್ತದಕ್ಕಾ,” ಎಂದ ಮೆಲ್ಲಗೆ. “ನಮ್ಮನೇದೂ ನಿಂತೈತೆ. ಮನ್ಸ ಜೋತು ಬಿದ್ರೆ ಎಂಗಂತ ನಾನು ಯೋಚ್ನೆ ಮಾಡ್ಲಿಲ್ಲ.”

“ಇವರು ಸರಿ ಅಂದ್ರಾ?” ಎಂದು ಅವಳು ಕೇಳಿದಳು, ನನ್ನ ಕಡೆ ನೋಡದೆ.

ಅವನು ನನ್ನನ್ನೊಮ್ಮೆ ನೋಡಿದ. “ಅಂದ್ರು ಅಂತಾನೇ ನನ್ ನೆಪ್ಪು. ರೈಲು ಸದ್ದಲ್ಲಿ ನಾನೂ ಏನೇನ್ ಏಳ್ದ್ನೋ.”

“ಆಯ್ತು. ಇಡ್ಕೊಂಡು ಏಳೋಳು ನಾನು. ಇನ್ಮೇಲೆ ಏನು ಕೇಳೋದಿದ್ರೂ ನನ್ನ ಕೇಳು.”

ಅದೇ ದಿನ ಆ ಗೋಡೆಯ ಟೈಲ್ಸ್ ಎಲ್ಲ ಇಳಿಸಿದರು. ಒರಟು ಮರಳು ಬಂದ ಮೇಲೆ ಅವಳು ಒಂದು ಮುಷ್ಟಿ ತರಿಸಿ ಅಂಗೈಯಲ್ಲಿ ಉಜ್ಜಿ ನೋಡಿ ಕಲಸಲು ಬಿಟ್ಟಳು. ಹಿಡಿಯ ಬೋಲ್ಟುಗಳಿಗೆ ಹಳೆಯ ಕಲ್ಲಿನೊಳಕ್ಕೆ ತೂತು ಕೊರೆದರು. ಸಾಲು ಮುಗಿದಂತೆಲ್ಲ ತಾತ ಅಂಗೈ ಇಟ್ಟು ಇಕ್ಕಳದಿಂದ ಬಡಿದು ನೋಡುತ್ತಿದ್ದರು. ಎರಡು ಟೈಲ್ಸ್ ಮತ್ತೆ ತೆಗೆಸಿದರು. “ಇದು ಗಣಿ ಅಲ್ಲ ತಾತ,” ಎಂದು ಮೇಸ್ತ್ರಿ ಗೊಣಗಿದ. ತಾತನಿಗೆ ಅದು ಕೇಳಲಿಲ್ಲ, ಅಥವಾ ಕೇಳಿಯೂ ಕೇಳದವರಂತೆ ಇದ್ದರು. ನಾನು ಒಂದು ವಾರ ರಜೆ ಹಾಕಿ ಬಾಗಿಲಲ್ಲೇ ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಹತ್ತು ದಿನ ಒಣಗಲು ಬಿಟ್ಟೆವು. ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ನನ್ನನ್ನು ಬಚ್ಚಲುಮನೆಗೆ ಕರೆದಳು.

“ಜೋತು ಬೀಳಿ.”

ಹಿಡಿಯನ್ನು ಎರಡು ಕೈಗಳಿಂದ ಹಿಡಿದು ಮೊಣಕಾಲು ಮಡಿಸಿದೆ.

“ಕಾಲು ನೆಲದ ಮ್ಯಾಲೇ ಐತೆ. ಪೂರ್ತಿ ಬಿಡ್ರಿ.”

ಪೂರ್ತಿ ಬಿಟ್ಟೆ. ತೋಳು ನಡುಗಿತು. ನಡುಗುತ್ತಿರುವುದು ತೋಳೋ ಗೋಡೆಯೋ ಎಂದು ಒಂದು ಕ್ಷಣ ತಿಳಿಯಲಿಲ್ಲ. ಅವಳು ಬಗ್ಗಿ ಬೋಲ್ಟುಗಳ ಬುಡವನ್ನು ನೋಡಿದಳು, ಟೈಲ್ಸ್ ಸಂದಿಗಳ ಮೇಲೆ ಬೆರಳಾಡಿಸಿ ಬೆರಳನ್ನು ನೋಡಿದಳು. “ಇನ್ನೊಂದ್ಸಲ,” ಎಂದಳು. ನಾಲ್ಕು ಸಲ ಜೋತುಬಿದ್ದೆ. ಆಮೇಲೆ ಬಿಸಿನೀರು ಬಿಡಲು ಹೇಳಿದಳು.

“ಚಿಲಕ ಹಾಕಬೇಡ,” ಎಂದೆ.

“ಆಕಲ್ಲ. ಆದ್ರೆ ನೀವು ಬಾಗ್ಲಲ್ಲಿ ನಿಂತ್ಕೊಬೇಡಿ. ನಿಮ್ಮ ಉಸಿರು ಕೇಳಿದ್ರೆ ನನಗೆ ಭಯ ಆಯ್ತದೆ.”

ಬಾಗಿಲು ಮುಂದೆ ಮಾಡಿಕೊಂಡಳು. ನಾನು ಬೀದಿಯ ಜಗಲಿಗೆ ಬಂದು ಕೂತೆ. ಅಲ್ಲಿಗೆ ಬಚ್ಚಲುಮನೆಯ ಸದ್ದು ಬರುವುದಿಲ್ಲ. ಆಟೋಗಳು ಓಡಾಡುತ್ತಿದ್ದವು, ಯಾರೋ ಸೊಪ್ಪು ಕೂಗಿಕೊಂಡು ಹೋದರು. ಈಗ ಮೈಗೆ ನೀರು ಹೊಯ್ದುಕೊಳ್ಳುತ್ತಿರಬೇಕು, ಈಗ ಸೋಪು, ಈಗ ಕೈ ಹಿಡಿಯ ಮೇಲೆ ಎಂದು ಅಂದಾಜು ಮಾಡುತ್ತಾ, ಒಳಗೆ ಓಡಬೇಕೆನ್ನುವ ಕಾಲನ್ನು ಜಗಲಿಯ ಅಂಚಿಗೆ ಒತ್ತಿಕೊಂಡು ಕೂತಿದ್ದೆ. ಬಹಳ ಹೊತ್ತಾದ ಮೇಲೆ ಒಳಗಿನಿಂದ ಅವಳು ಕೂಗಿದಳು. ಟವೆಲು ಮರೆತಿದ್ದೀರ, ತನ್ನಿ ಎಂದಳು. ಅದನ್ನು ಒಳಗಿಡಲು ನನಗೆ ಹೇಳಿದ್ದಳೋ ಇಲ್ಲವೋ ನನಗೆ ನೆನಪಿರಲಿಲ್ಲ. ಇಗೋ ತರ್ತೀನಿ ಎಂದು ಎದ್ದೆ. ಬಾಗಿಲು ತಳ್ಳಿದಾಗ ಅವಳು ಸ್ಟೂಲಿನಿಂದ ಎದ್ದು ನಿಂತಿದ್ದಳು, ಒಂದು ಕೈ ಹಿಡಿಯ ಮೇಲಿತ್ತು, ಇನ್ನೊಂದನ್ನು ಟವೆಲಿಗಾಗಿ ನನ್ನ ಕಡೆ ಚಾಚಿದ್ದಳು.